ರೇಣವ್ವನ ಕೈ ಮತ್ತು ನಮ್ಮ ಸಮಾನತೆಯ ಟಾವೆಲ್

ಕಳೆದ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಬೆಳಗಾವಿಯ ಹಿಂದವಾಡಿಯ ಒಂದು ಶಿಶುವಿಹಾರದ ಗೇಟಿನ ಮುಂದೆ, ಐವತ್ತೆರಡು ವರ್ಷದ ಒಬ್ಬ ಹೆಂಗಸಿಗೆ ಇಪ್ಪತ್ತೆರಡು ಜನ ಸುಶಿಕ್ಷಿತರು ಸೇರಿ ‘ಕೈ ತೋರಿಸು’ ಎಂದರು. ಆಕೆ ಊಟದ ಡಬ್ಬಿಯ ಚೀಲವನ್ನು ನೆಲಕ್ಕಿಟ್ಟು ಎರಡೂ ಕೈ ಮುಂದೆ ಚಾಚಿದಳು. ಹೊರಳಿಸಿ ಮತ್ತೊಂದು ಬದಿಯನ್ನೂ ತೋರಿಸಿದಳು. ಕೈಯಲ್ಲಿ ಹಸಿರು ಬಳೆ ಇದ್ದವು, ಹೆಬ್ಬೆರಳಿನ ಹತ್ತಿರ ರೊಟ್ಟಿ ಹಂಚು ತಾಗಿದ ಹಳೆಯ ಕಲೆ ಇತ್ತು. ಬೇರೇನೂ ಇರಲಿಲ್ಲ. ಏನೂ ಇಲ್ಲವೆಂದು ಕಣ್ಣಾರೆ ಕಂಡವರು ಏನು ಮಾಡಬೇಕು? ತಪ್ಪಾಯಿತು ಎಂದು ದಾರಿ ಬಿಡಬೇಕು. ಬಿಡಲಿಲ್ಲ. ಸದ್ಯಕ್ಕೆ ಮನೆಗೆ ಹೋಗು, ಆಮೇಲೆ ಹೇಳಿ ಕಳಿಸುತ್ತೇವೆ ಎಂದರು.

ಆ ಇಪ್ಪತ್ತೆರಡು ಜನರಲ್ಲಿ ನಾನೂ ಒಬ್ಬ. ಹಿಂದಿನ ಸಾಲಿನಲ್ಲಿದ್ದೆ, ನನಗೆ ಎಲ್ಲಿ ಹೋದರೂ ಹಿಂದಿನ ಸಾಲೇ ಸಿಗುತ್ತದೆ. ಮಗಳ ನೀರಿನ ಬಾಟಲಿ ಹಿಡಿದುಕೊಂಡು, ಅದರ ಮೇಲಿನ ಆನೆಯ ಚಿತ್ರವನ್ನು ಜೀವನದಲ್ಲೇ ಮೊದಲ ಸಲ ಆನೆ ಕಂಡವನಂತೆ ನೋಡುತ್ತ ನಿಂತಿದ್ದೆ.

ಆಕೆಯ ಹೆಸರು ರೇಣವ್ವ. ಊರು ಖಾನಾಪುರ, ಪಟ್ಟಣದ ಅಂಚಿನಲ್ಲಿ, ಹೊಲಗಳು ಶುರುವಾಗುವಲ್ಲಿ ಅವರ ಓಣಿ. ಹುಟ್ಟಿದ್ದು ಕುರಿ ಕಾಯುವವರ ಮನೆತನದಲ್ಲಿ. ಕನ್ನಡ ಸಾಲಿಯಲ್ಲಿ ಮೂರನೇ ಇಯತ್ತೆ ಮುಗಿಸುವ ಹೊತ್ತಿಗೆ ಅಪ್ಪ ಹಿಂಡು ಹೊಡೆದುಕೊಂಡು ಹೊರಟ, ಇವಳೂ ಹಿಂದೆ ಹೊರಟಳು, ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು. ಆಮೇಲೆ ಬಂಡೆಪ್ಪನನ್ನು ಮದುವೆಯಾದಳು. ಕೆಲವು ವರ್ಷ ಅವರೂ ಕುರಿ ಸಾಕಿದರು. ಮೇಯಿಸಲು ಜಾಗ ಕಡಿಮೆಯಾಯಿತು; ಹಿಂಡು ಮಾರಿ ಬಂಡೆಪ್ಪ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್ ಆದ. ರೇಣವ್ವ ಹಿಂದವಾಡಿಯ ಈ ಶಿಶುವಿಹಾರದಲ್ಲಿ ಆಯಾ ಆದಳು. ಅದಾಗಿ ಹನ್ನೊಂದು ವರ್ಷ. ದಿನಾ ಬೆಳಿಗ್ಗೆ ಖಾನಾಪುರದಿಂದ ಬಸ್ಸು, ಸಂಜೆ ಮತ್ತೆ ಬಸ್ಸು.

ಆಯಾ ಎಂದರೆ ನಮ್ಮಲ್ಲಿ ಕೆಲವರು ಮೂಗು ಒರೆಸುವವಳು ಎಂದುಕೊಂಡಿದ್ದಾರೆ. ಹೌದು, ಮೂಗು ಒರೆಸುತ್ತಿದ್ದಳು. ಆದರೆ ಶಾಲೆ ಶುರುವಾಗುವ ದಿನಗಳಲ್ಲಿ ಹದಿನೈದು ಮಕ್ಕಳು ಒಟ್ಟಿಗೆ ಅಳುವಾಗ ಮೊದಲು ಯಾರನ್ನು ಎತ್ತಿಕೊಳ್ಳಬೇಕೆಂದು ನಿಮಗೆ ಗೊತ್ತೇ? ನಾನಾದರೆ ಎಲ್ಲಕ್ಕಿಂತ ಜೋರಾಗಿ ಅಳುವುದನ್ನು ಎತ್ತಿಕೊಳ್ಳುತ್ತಿದ್ದೆ. ರೇಣವ್ವ ಮೊದಲು ಅಳು ಶುರುಮಾಡಿದ್ದನ್ನು ಎತ್ತಿಕೊಳ್ಳುತ್ತಿದ್ದಳು. ಅದು ಸುಮ್ಮನಾದರೆ ಉಳಿದವು ತಾವಾಗಿಯೇ ಗೊಂದಲಕ್ಕೆ ಬಿದ್ದು ಸುಮ್ಮನಾಗುತ್ತಿದ್ದವು. ಕನ್ನಡದ ಮಕ್ಕಳಿಗೆ ಕನ್ನಡ, ಮರಾಠಿಯ ಮಕ್ಕಳಿಗೆ ಮರಾಠಿ, ಇಂಗ್ಲಿಷ್ ಮಾತ್ರ ಕಲಿಸಿಕೊಂಡು ಬಂದ ಮಕ್ಕಳಿಗೆ ಕೈಸನ್ನೆ. ಮಕ್ಕಳೆಲ್ಲ ಅವಳನ್ನು ‘ರೇಣಾಯಿ’ ಎನ್ನುತ್ತಿದ್ದವು. ಅಲ್ಲಿ ಖಾನಾಪುರದ ಅವಳ ಓಣಿಯಲ್ಲೂ ಅಷ್ಟೇ, ಯಾರಿಗೆ ಹೆರಿಗೆಯಾದರೂ ಹಸುಗೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ರೇಣವ್ವನೇ ಬೇಕು. ಆ ಓಣಿಯ ಅರ್ಧ ಮಕ್ಕಳು ಈ ಜಗತ್ತಿನಲ್ಲಿ ಕಂಡ ಮೊದಲ ಬಿಸಿನೀರು ರೇಣವ್ವ ಹದ ನೋಡಿ ಹಾಕಿದ್ದು.

ನನ್ನ ಮಗಳು ಮುಗ್ಧಾಗೆ ನಾಲ್ಕು ವರ್ಷ. ನನಗೆ ನಲವತ್ತೊಂಬತ್ತು. ಮೊದಲ ದಿನ ರೇಣವ್ವ ನನ್ನನ್ನು ನೋಡಿ, ‘ಅಜ್ಜಾರ, ಇಲ್ಲೇ ಬಿಟ್ಟು ಹೋಗ್ರಿ, ಹಿಂದ ತಿರುಗಿ ನೋಡಬ್ಯಾಡ್ರಿ’ ಎಂದಿದ್ದಳು. ಎರಡನೇ ದಿನ ಯಾರೋ ತಿದ್ದಿರಬೇಕು, ‘ಮುಗ್ಧಾನ ಪಪ್ಪಾರ’ ಎಂದಳು. ಆದರೆ ನನ್ನ ತಲೆಯನ್ನೊಮ್ಮೆ ನೋಡಿಯೇ ಎಂದಳು.

ಇನ್ನು ಟಾವೆಲ್ಲಿನ ವಿಷಯ ಹೇಳಬೇಕು. ಶಿಶುವಿಹಾರ ನಡೆಸುವವರು ಕುಂದಾತಾಯಿ, ನಿವೃತ್ತ ಶಿಕ್ಷಕಿ. ಧ್ಯೇಯವಿರುವ ಹೆಂಗಸು. ಶಾಲೆಯ ಗೋಡೆಯ ಮೇಲೆ ‘ನಾವೆಲ್ಲರೂ ಒಂದು’ ಎಂದು ಎರಡು ಭಾಷೆಗಳಲ್ಲಿ ಬರೆಸಿದ್ದಾರೆ. ಅದರ ಕೆಳಗೆ ಕೈ ತೊಳೆಯುವ ನಲ್ಲಿಗಳು. ನಲ್ಲಿಗಳ ಪಕ್ಕ ಒಂದು ಹಗ್ಗ. ಹಗ್ಗದ ಮೇಲೆ ಮೂರು ಮೀಟರ್ ಉದ್ದದ ಒಂದೇ ಒಂದು ಬಿಳಿ ಟಾವೆಲ್. ಡಬ್ಬಿ ತಿಂದಾದ ಮೇಲೆ ಮೂವತ್ತನಾಲ್ಕು ಮಕ್ಕಳೂ ಸಾಲಾಗಿ ಬಂದು ಅದೇ ಟಾವೆಲ್ಲಿಗೆ ಕೈ, ಬಾಯಿ, ಅವಕಾಶ ಸಿಕ್ಕರೆ ಮೂಗು ಒರೆಸಿಕೊಳ್ಳಬೇಕು. ಶ್ರೀಮಂತರ ಮಗುವಿಗೆ ಒಂದು ಟಾವೆಲ್, ಬಡವರ ಮಗುವಿಗೆ ಇನ್ನೊಂದು ಎಂಬ ಭೇದ ಬರಬಾರದೆಂದು ಈ ಏರ್ಪಾಡು. ಪ್ರವೇಶಪತ್ರದ ಮೇಲೆ ಆ ಟಾವೆಲ್ಲಿನ ಫೋಟೋ ಇದೆ. ನಾವು ಪಾಲಕರೆಲ್ಲ ಅದನ್ನು ನೋಡಿ ಕಣ್ಣು ಒದ್ದೆ ಮಾಡಿಕೊಂಡೇ ಮಕ್ಕಳನ್ನು ಸೇರಿಸಿದ್ದು. ವಾರಕ್ಕೊಮ್ಮೆ, ಶನಿವಾರ, ರೇಣವ್ವ ಅದನ್ನು ಒಗೆದು ಹಾಕುತ್ತಿದ್ದಳು. ಆದರೆ ತನ್ನ ಕೈಯನ್ನು ಅವಳು ಎಂದೂ ಅದಕ್ಕೆ ಒರೆಸಿದ್ದನ್ನು ನಾನು ಕಂಡಿಲ್ಲ, ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಯಾರೂ ಬೇಡ ಅಂದಿರಲಿಲ್ಲ. ಯಾರೂ ಬಾ ಅಂದೂ ಇರಲಿಲ್ಲ.

ಜೂನ್ ಕೊನೆಯ ವಾರ ನನ್ನ ಹೆಂಡತಿ ಸಾನಿಕಾ ಆಫೀಸಿನ ಎರಡು ವಾರದ ತರಬೇತಿಗೆಂದು ಧಾರವಾಡಕ್ಕೆ ಹೋಗಿದ್ದಳು. ಮುಗ್ಧಾಗೆ ನೆಗಡಿ. ಮೂಗು ಸುರಿದು ಸುರಿದು, ತಿಕ್ಕಿ ತಿಕ್ಕಿ, ಎಡಮೂಗಿನ ಕೆಳಗೆ ಒಂದು ಕೆಂಪು ಚುಕ್ಕೆಯೆದ್ದಿತು. ಮರುದಿನ ಅದು ನೀರುಗುಳ್ಳೆಯಾಗಿ ಒಡೆಯಿತು. ಅದರ ಮರುದಿನ ಹಳದಿ ಹಕ್ಕಳೆ ಕಟ್ಟಿತು. ನನ್ನ ವೈದ್ಯಕೀಯ ಜ್ಞಾನ ನನ್ನ ಅಜ್ಜಿಯ ಕಾಲಕ್ಕೆ ನಿಂತುಬಿಟ್ಟಿದೆ. ಆಗ ಮಕ್ಕಳ ಮೈಮೇಲೆ ಏನೆದ್ದರೂ ರಾತ್ರಿ ಹಲ್ಲಿ ಉಚ್ಚೆ ಹೊಯ್ದಿದೆ ಎಂಬುದೇ ಕಾರಣ, ಅರಿಶಿನವೇ ಔಷಧಿ. ಸರಿ, ಅರಿಶಿನ ಹಚ್ಚಿದೆ. ಹಚ್ಚಿದ ಮೇಲೆ ಮಗಳ ಮುಖ ಯಾವುದೋ ನಾಟಕದ ಅರ್ಧ ಬಣ್ಣ ಹಚ್ಚಿದ ಪಾತ್ರದಂತೆ ಕಂಡಿತು. ಹಾಗೆಯೇ ಶಾಲೆಗೆ ಕಳಿಸಿದರೆ ನಾಲ್ಕು ಜನ ಕೇಳುತ್ತಾರೆ ಎಂದು ಅದರ ಮೇಲೆ ಪೌಡರ್ ಬಳಿದೆ. ಬಿಳಿಯ ಕೆಳಗೆ ಹಳದಿ, ಹಳದಿಯ ಕೆಳಗೆ ಹುಣ್ಣು. ಕರೆದುಕೊಂಡು ಹೋದೆ.

ಗೇಟಿನಲ್ಲಿ ರೇಣವ್ವ ಮಗುವಿನ ಗಲ್ಲ ಹಿಡಿದೆತ್ತಿದಳು.

‘ಮುಗ್ಧಾನ ಪಪ್ಪಾರ, ಒಂದ್ ನಿಮಿಷ ನಿಂದರ್ರಿ. ಮೂಗಿನ ಕೆಳಗ ಏನಿದು?’

‘ಏನಿಲ್ಲ ರೇಣವ್ವಾ. ಹಲ್ಲಿ ಉಚ್ಚಿ ಹೊಯ್ದೈತಿ.’

‘ಹಲ್ಲಿಗೆ ಇಡೀ ಮನ್ಯಾಗ ಬ್ಯಾರೆ ಜಾಗಾ ಸಿಗಲಿಲ್ಲೇನ್ರಿ? ಇದು ಹಬ್ಬೂ ಹುಣ್ಣ ಐತ್ರಿ. ಹಕ್ಕಳಿ ನೋಡ್ರಿ, ಜೇನುತುಪ್ಪ ಒಣಗಿದಂಗ. ಒಬ್ಬರಿಂದ ಒಬ್ಬರಿಗೆ ಹತ್ತತೈತಿ. ಎರಡ ದಿನ ಮನ್ಯಾಗ ಇಟಗೊಂಡು ಡಾಕ್ಟರ್‌ಗೆ ತೋರಸ್ರಿ.’

‘ನನಗ ಆಫೀಸ್ ಐತಿ. ರಜಾ ಸಿಗೂದಿಲ್ಲ.’

‘ಹುಣ್ಣಿಗೂ ರಜಾ ಇಲ್ರಿ’ ಎಂದಳು.

ನನಗೆ ಸಿಟ್ಟು ಬಂತು. ಮೂರನೇ ಇಯತ್ತೆ ಓದಿದವಳು ಪದವೀಧರನಿಗೆ ಹೇಳುವುದೇ? ಮಗಳನ್ನು ಒಳಗೆ ಬಿಟ್ಟೆ. ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ರೇಣವ್ವ ಕುಂದಾತಾಯಿಗೆ ಹೇಳುತ್ತಿದ್ದುದು ಕೇಳಿಸಿತು.

‘ತಾಯಿ, ನಾಕ ದಿನ ಆ ಟಾವೆಲ್ ತಗದ ಇಡೂಣ್ರಿ. ಹುಡುಗ್ರು ತಮ್ಮ ತಮ್ಮ ಕರ್ಚೀಫ್ ತರ್ಲಿ.’

‘ಅಗ ರೇಣವ್ವಾ, ಅದು ಬರೇ ಟಾವೆಲ್ ಅಲ್ಲ, ನಮ್ಮ ಸಾಲಿ ತತ್ವ ಐತಿ. ತತ್ವ ತಗದ ಇಡಾಕ ಬರ್ತದೇನು?’

‘ತತ್ವ ಯಾವಾಗ ನೋಡಿದ್ರೂ ಹಸಿ ಇರ್ತೈತ್ರಿ ತಾಯಿ. ಮಳಿಗಾಲದಾಗ ಒಣಗವಲ್ದು.’

‘ನೀ ನಿನ್ನ ಕೆಲಸ ನೋಡು’ ಎಂದರು ತಾಯಿ.

ನೋಡಿ, ಆ ಕಟ್ಟಡದೊಳಗೆ ಅಂದು ನಡೆಯುತ್ತಿದ್ದುದು ಏನೆಂದು ಗೊತ್ತಿದ್ದವಳು ಒಬ್ಬಳೇ. ಅವಳು ಹೇಳಬೇಕಾದ ಇಬ್ಬರಿಗೂ ಹೇಳಿದ್ದಳು. ಒಬ್ಬರಿಗೆ ತತ್ವ ಅಡ್ಡ ಬಂತು, ಇನ್ನೊಬ್ಬನಿಗೆ ಆಫೀಸು.

ಜುಲೈ ಮೊದಲ ವಾರ ಕಳೆಯುವಷ್ಟರಲ್ಲಿ ಒಂಬತ್ತು ಮಕ್ಕಳ ಬಾಯಿಯ ಸುತ್ತ, ಮೂಗಿನ ಸುತ್ತ ಅದೇ ಹಕ್ಕಳೆ. ಪಾಲಕರ ವಾಟ್ಸ್ಆ್ಯಪ್ ಗುಂಪು ಎಚ್ಚರಗೊಂಡಿತು. ಆ ಗುಂಪಿನಲ್ಲಿ ಮುಖ್ಯರಾದವರು ರಾಮತೀರ್ಥ ನಗರದ ಆಶಿಶ್. ಅವರ ಮಗ ವಿನೀತನಿಗೂ ಹುಣ್ಣಾಗಿತ್ತು. ಮಗುವಿನ ಹುಣ್ಣು ನೋಡಿ ತಂದೆಗೆ ಸಂಕಟವಾಗುವುದು ಸಹಜ. ಅದನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಆಶಿಶ್ ಬರೆದದ್ದು ಇದು: ‘ಆಯಾ ಹಳ್ಳಿಯಿಂದ ಬರುತ್ತಾಳೆ. ಕುರಿ ಸಾಕುವ ಮನೆ. ಕುರಿಗಳ ಬಾಯಿಗೆ ಇಂಥ ಹುಣ್ಣು ಆಗುತ್ತದೆ. ಮೂಲ ಎಲ್ಲಿದೆ ಎಂದು ಬೇರೆ ಹೇಳಬೇಕೆ?’ ಅದರ ಕೆಳಗೆ ಹದಿನೇಳು ಜನ ಹೆಬ್ಬೆರಳು ಎತ್ತಿದರು.

ಒಂದು ಹೆಬ್ಬೆರಳು ನನ್ನದು. ‘ಓದಿದ್ದೇನೆ’ ಎಂಬ ಅರ್ಥದಲ್ಲಿ ಒತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂಲ ಎಲ್ಲಿದೆ ಎಂದು ಗೊತ್ತಿದ್ದ ಏಕೈಕ ಪಾಲಕ ನಾನು. ಆ ಮೂಲಕ್ಕೆ ಪೌಡರ್ ಹಚ್ಚಿದವನೂ ನಾನು.

ಅದಾದ ಮರುದಿನವೇ ಗೇಟಿನ ಮುಂದಿನ ಆ ಸೋಮವಾರ. ಕೈ ತೋರಿಸಿದ್ದಾಯಿತು, ಮನೆಗೆ ಹೋಗು ಎಂಬ ನಮ್ಮ ಮಾತಿಗೆ ಕುಂದಾತಾಯಿಯೂ ಗೇಟಿನ ಒಳಗಿನಿಂದ ಹೂಂ ಎಂದದ್ದಾಯಿತು, ಚೀಲ ಎತ್ತಿಕೊಂಡು ರೇಣವ್ವ ಹೊರಟಿದ್ದಾಯಿತು. ಹೋಗುವಾಗ ಅವಳು ನನ್ನ ಮುಂದೆಯೇ ಹಾದುಹೋದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ‘ಮುಗ್ಧಾನ ಉಗುರು ತಗೀರಿ, ಕೆರಕೋಳಾಕತ್ತಾಳ’ ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ತರಬೇತಿ ಮುಗಿಸಿ ಸಾನಿಕಾ ಬಂದವಳೇ ಮಗಳ ಮುಖ ನೋಡಿ, ನನ್ನ ಮುಖ ನೋಡಿ, ಅಂದೇ ಸಂಜೆ ಇಬ್ಬರನ್ನೂ ಚರ್ಮದ ಡಾಕ್ಟರಮ್ಮನ ಹತ್ತಿರ ಎಳೆದೊಯ್ದಳು. ಡಾಕ್ಟರ್ ಒಂದು ಕ್ಷಣ ನೋಡಿ, ‘ಇಂಪೆಟಿಗೊ’ ಎಂದರು. ಹೆಸರು ಕೇಳಿ ಯಾವುದೋ ವಿದೇಶಿ ಕಾರಿನದಿರಬೇಕು ಅನ್ನಿಸಿತು.

‘ಬ್ಯಾಕ್ಟೀರಿಯಾದಿಂದ ಆಗೂ ಚರ್ಮದ ಸೋಂಕು. ಸಣ್ಣ ಮಕ್ಕಳಿಗೆ ಭಾಳ ಸಾಮಾನ್ಯ. ನೆಗಡಿಯಾಗಿ ಮೂಗು ತಿಕ್ಕಿದಲ್ಲೋ, ಸೊಳ್ಳೆ ಕಡದ ಕೆರಕೊಂಡಲ್ಲೋ ಚರ್ಮ ಒಂಚೂರು ತೆರೀತದ, ಒಳಗ ಹೋಗ್ತದ. ಹುಣ್ಣಿನ ನೀರು ಮುಟ್ಟಿದ ಕೈ, ಟಾವೆಲ್, ದಿಂಬು, ಆಟಿಗಿ ಸಾಮಾನು, ಇವುಗಳಿಂದ ಇನ್ನೊಬ್ಬರಿಗೆ ಹತ್ತತದ.’

‘ಕುರಿಯಿಂದ ಬರ್ತದೇನ್ರಿ?’ ಎಂದು ನಾನು ಕೇಳಿದೆ. ಮುಳುಗುವವನು ಕುರಿಯನ್ನಾದರೂ ಹಿಡಿದುಕೊಳ್ಳುತ್ತಾನಲ್ಲ.

‘ಕುರಿಗೆ ಆಗೂ ಬಾಯಿಹುಣ್ಣು ಬ್ಯಾರೆ, ಅದು ವೈರಸ್‌ದು. ಇದು ಮನುಷ್ಯರದ್ದ. ಈ ಬ್ಯಾಕ್ಟೀರಿಯಾ ಮೂರು ಮಂದ್ಯಾಗ ಒಬ್ಬರ ಮೂಗಿನಾಗ ಆರಾಮ ಕುಂತಿರ್ತದ. ನಿಮ್ಮ ಮೂಗಿನಾಗೂ ಇರಬಹುದು. ಕೊಳಕು ಮಂದಿಗೆ ಬರೂ ರೋಗ ಅಂತ ಏನಿಲ್ಲ. ಇದಕ್ಕೇನು ಹಚ್ಚಿದ್ರಿ?’

ಸಾನಿಕಾ ನನ್ನ ಕಡೆ ತಿರುಗಿದಳು. ನಾನೇ ಹೇಳಬೇಕಾಯಿತು. ಅರಿಶಿನ. ಅದರ ಮೇಲೆ ಪೌಡರ್. ಅದರ ಮೇಲೆ ಶಾಲೆ.

ಡಾಕ್ಟರ್ ಪೆನ್ನು ಕೆಳಗಿಟ್ಟರು. ‘ಮುಚ್ಚಬೇಕಾಗಿತ್ತು ಖರೇ, ಆದ್ರ ಔಷಧ ಹಚ್ಚಿ ಸ್ವಚ್ಛ ಬಟ್ಟಿಲೆ ಮುಚ್ಚೂದು. ನೀವು ಮೇಕಪ್ ಮಾಡಿ ಕಳಿಸೀರಿ.’ ನಂತರ ವಿವರಿಸಿದರು. ಸಾಬೂನು ನೀರಿನಿಂದ ಮೆಲ್ಲಗೆ ತೊಳೆದು, ಹಕ್ಕಳೆ ನೆನೆಸಿ ತೆಗೆದು, ಮುಲಾಮು ಹಚ್ಚಬೇಕು; ಬಹಳ ಹರಡಿದ್ದರೆ ಬಾಯಿಂದ ಕೊಡುವ ಔಷಧಿ. ಔಷಧಿ ಶುರುವಾಗಿ ಒಂದು ದಿನವಾದರೂ ಕಳೆಯುವವರೆಗೆ ಶಾಲೆ ಬೇಡ. ಉಗುರು ಕತ್ತರಿಸಬೇಕು, ಟಾವೆಲ್ಲು, ದಿಂಬಿನ ಗವಸು ಬೇರೆ ಇಟ್ಟು ಬಿಸಿನೀರಿನಲ್ಲಿ ಒಗೆಯಬೇಕು. ಸಾಮಾನ್ಯವಾಗಿ ವಾರದಲ್ಲಿ ಕಲೆಯಿಲ್ಲದೆ ವಾಸಿಯಾಗುತ್ತದೆ. ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಮುಂದೆ ಮೂತ್ರಪಿಂಡಕ್ಕೆ ತೊಂದರೆಯಾಗುವುದುಂಟು, ಅದಕ್ಕೇ ಉದಾಸೀನ ಮಾಡಬಾರದು. ಎರಡು ದಿನ ಮನೆಯಲ್ಲಿಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಿ, ಟಾವೆಲ್ ತೆಗೆಯಿರಿ. ಇಷ್ಟು ವರ್ಷ ವೈದ್ಯಕೀಯ ಓದಿದವರು ಹೇಳಿದ್ದಕ್ಕೂ ರೇಣವ್ವ ಗೇಟಿನಲ್ಲಿ ನಿಂತು ಹೇಳಿದ್ದಕ್ಕೂ ಲ್ಯಾಟಿನ್ ಹೆಸರೊಂದೇ ವ್ಯತ್ಯಾಸ.

ಆ ವಾರ ಇನ್ನೂ ನಾಲ್ಕು ಮಕ್ಕಳಿಗೆ ಹುಣ್ಣಾಯಿತು. ರೇಣವ್ವ ಹೋಗಿದ್ದಳು, ಹುಣ್ಣು ಹೋಗಿರಲಿಲ್ಲ, ಟಾವೆಲ್ ಹಗ್ಗದ ಮೇಲೆಯೇ ಇತ್ತು. ಹಾಗಾದರೆ ತಪ್ಪು ಅವಳದಲ್ಲ ಎಂದು ಯಾರಿಗಾದರೂ ಹೊಳೆಯಿತೇ? ಇಲ್ಲ. ‘ಆಕಿ ಬಿಟ್ಟು ಹೋದದ್ದು ಇನ್ನೂ ಐತಿ, ಅದಕ್ಕ ಟೈಮ್ ಹಿಡೀತದ’ ಎಂದರು ಆಶಿಶ್. ಇದ್ದರೆ ಇದ್ದದ್ದರಿಂದ ಬಂತು, ಹೋದರೆ ಹೋದದ್ದರಿಂದ ಬಂತು! ಇಂಥ ತರ್ಕಕ್ಕೆ ಉತ್ತರ ಕೊಡಲು ನಾನು ದಿನಾ ಗುಂಪಿನಲ್ಲಿ ಟೈಪ್ ಮಾಡುತ್ತಿದ್ದೆ, ದಿನಾ ಅಳಿಸುತ್ತಿದ್ದೆ. ಶನಿವಾರ ಸಾನಿಕಾ ಫೋನ್ ಕಸಿದುಕೊಂಡಳು.

‘ಬರಿಯೂದು ಸಾಕು. ಖಾನಾಪುರಕ್ಕ ಹೋಗಿ ಆಕಿ ಮುಂದ ನಿಂತು ಹೇಳು.’

‘ನೀನೂ ಬಾ ಅಲ್ಲ?’

‘ಪೌಡರ್ ಹಚ್ಚಿದಾಂವ ನೀನ. ನಾ ಯಾಕ ಬರ್ಲಿ?’

ಭಾನುವಾರ ಖಾನಾಪುರದ ಬಸ್ಸು ಹತ್ತಿದೆ. ಓಣಿ ಹುಡುಕುವುದು ಕಷ್ಟವಾಗಲಿಲ್ಲ. ಮನೆಯ ಮುಂದೆ ತಗಡಿನ ಒಂದು ಕೊಟ್ಟಿಗೆ. ನಾನು ನಿಂತು ಅದರೊಳಗೆ ಇಣುಕಿದೆ. ಒಳಗೆ ಒಂದು ಸ್ಕೂಟರ್, ಒಂದು ಹಳೆಯ ಫ್ಯಾನು.

‘ಕುರಿ ಹುಡಕಾಕತ್ತೀರೇನ್ರಿ ಸಾಹೇಬ್ರ?’ ಎಂದು ಹಿಂದಿನಿಂದ ಧ್ವನಿ ಬಂತು. ಬಂಡೆಪ್ಪ. ಕಾರ್ಖಾನೆಯ ಖಾಕಿ ಪ್ಯಾಂಟು, ಮೇಲೆ ಬನಿಯನ್ನು. ‘ಕುರಿ ಮಾರಿ ಹನ್ನೆರಡು ವರ್ಷ ಆತು. ನಿಮ್ಮ ಬೆಳಗಾವ್ಯಾಗ ಇನ್ನೂ ಅದಾವ ಅಂತ ಸುದ್ದಿ. ಸಿಕ್ರ ನಮಗೂ ತಿಳಸ್ರಿ, ಹೊಡಕೊಂಡ ಬರ್ತೀನಿ.’

ರೇಣವ್ವ ಹೊರಗೆ ಬಂದಳು. ‘ಬರ್ರಿ, ಕುಂದರ್ರಿ. ಮುಗ್ಧಾಂದು ಹ್ಯಾಂಗೈತಿ?’ ಎಂದಳು. ನಾನು ಚಾಪೆಯ ಮೇಲೆ ಕೂತೆ. ಚಹಾ ಬಂತು. ಹೇಳಬೇಕಾದುದನ್ನು ಹೇಳಿದೆ: ಮೊದಲು ಹುಣ್ಣಾದದ್ದು ನನ್ನ ಮಗಳಿಗೆ, ನೀವು ಹೇಳಿದ ಮೇಲೂ ಒಳಗೆ ಬಿಟ್ಟವನು ನಾನು, ಡಾಕ್ಟರೂ ನೀವು ಹೇಳಿದ್ದನ್ನೇ ಹೇಳಿದರು.

‘ಅದು ನನಗ ಗೊತ್ತಿತ್ರಿ’ ಎಂದಳು ರೇಣವ್ವ. ‘ನನಗ ಹೇಳಾಕ ಬಸ್ಸಿಗೆ ಬಂದ್ರ್ಯಾ? ಗೊತ್ತಿಲ್ದವ್ರಿಗೆ ಹೇಳ್ರಿ.’

‘ಗುಂಪಿನಾಗ ಹಾಕ್ತೀನ್ರಿ, ಇವತ್ತ.’

ಆಗ ಅವಳ ಧ್ವನಿ ಏರಿತು. ಹನ್ನೊಂದು ವರ್ಷದಲ್ಲಿ ಶಾಲೆಯಲ್ಲಿ ಯಾರೂ ಕೇಳಿರಲಾರದ ಧ್ವನಿ.

‘ಗುಂಪಿನಾಗ ಯಾಕ್ರೀ? ನನ್ನ ಕೈ ಗುಂಪಿನಾಗ ನೋಡಿದ್ರೇನು? ರಸ್ತಾದಾಗ ನಿಲ್ಲಿಸಿ ನೋಡಿದ್ರಿ. ಬಾಜೂ ಬಂಗ್ಲೆದಾಗ ಕಸಾ ಹೊಡ್ಯಾಕ ಬರೂ ಗೌರವ್ವ ಅಲ್ಲೇ ನಿಂತಿದ್ಲು, ನಮ್ಮ ಓಣಿಯಾಕಿನ. ಆಕಿ ಸಂಜಿ ಬಸ್ ಇಳೂದ್ರಾಗ ಓಣಿ ತುಂಬ ಸುದ್ದಿ ಆತು, ರೇಣವ್ವನ ಕೈಯಾಗ ಏನೋ ಅಂಟ ಐತಿ ಅಂತ. ಎದ್ರು ಮನಿ ಶಿವಲಿಂಗವ್ವನ ಮಗಳು ಹಡದು ಇಪ್ಪತ್ತು ದಿನ. ಆ ಕೂಸಿಗೆ ದಿನಾ ನಾನ ನೀರ ಹಾಕ್ತಿದ್ಯಾ. ಮಂಗಳವಾರದಿಂದ ಕೊಡೂದ ಬಿಟ್ಟಾರ. ಕೂಸಿಗೆ ನೆಗಡಿ ಐತಿ ಅಂತಾರ, ನಿದ್ದಿ ಹತ್ತೈತಿ ಅಂತಾರ. ನಾ ತಿಳೀದಾಕೀನು? ನೌಕರಿ ಹೋದ್ರ ಇನ್ನೊಂದ ಸಿಗ್ತೈತಿ. ಈ ಕೈ ಇನ್ನೊಂದ ಎಲ್ಲಿಂದ ತರ್ಲಿ?’

ಚಹಾದ ಬಟ್ಟಲು ಕೆಳಗಿಟ್ಟೆ. ಎದ್ದು, ‘ಶಿವಲಿಂಗವ್ವಗ ಈಗ ಹೇಳ್ತೀನ್ರಿ’ ಎಂದೆ. ಎದುರು ಮನೆಗೆ ಹೋಗಿ ಹೇಳಿದೆ. ಶಿವಲಿಂಗವ್ವ ಹಿರಿಯಳು; ಬಾಗಿಲಲ್ಲಿ ನಿಂತೇ ಕೇಳಿದಳು, ಮರ್ಯಾದೆಯಿಂದಲೇ ಕೇಳಿದಳು.

‘ನೀವು ಹೇಳೂದು ಖರೇ ಇರಬೇಕ್ರಿ. ಆದ್ರ ಸಾಲಿಯವ್ರು ಮಂದಿ ಮುಂದ ಹೊರಗ ಹಾಕ್ಯಾರ, ನೀವೊಬ್ಬರ ಬಂದು ನನ್ನ ಬಾಗ್ಲಾಗ ಇಲ್ಲ ಅಂತೀರಿ. ಅಲ್ಲಿ ಯಾಕ ಹೇಳಲಿಲ್ರಿ ಅವತ್ತ?’

ಹಿಂದಿನ ಸಾಲಿನಲ್ಲಿದ್ದೆ ಎನ್ನಲೇ? ಆನೆ ನೋಡುತ್ತಿದ್ದೆ ಎನ್ನಲೇ?

ರೇಣವ್ವ ಬಸ್‌ ನಿಲ್ದಾಣದ ತನಕ ಬಂದಳು. ‘ನಾಳೆ ಸೋಮವಾರ. ನಾ ಗೇಟಿಗೆ ಬರ್ತೀನಿ. ಅದ ಹೊತ್ತಿಗೆ, ಅದ ಮಂದಿ ಮುಂದ, ಬಾಯಿ ಬಿಟ್ಟ ಹೇಳ್ರಿ. ಬರೀ ನೀವಲ್ಲ, ತಾಯಿ ಕಡಿಂದನೂ ಹೇಳಸ್ರಿ. ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ, ನನ್ನ ಬಸ್ ಚಾರ್ಜ್ ಉಳೀತೈತಿ’ ಎಂದಳು.

ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಸ್ಕೂಟರು, ಕಾರು, ಛತ್ರಿ, ಮಕ್ಕಳು. ಸಣ್ಣ ಮಳೆ. ರೇಣವ್ವ ರಸ್ತೆಯ ಆ ಬದಿಗೆ ನಿಂತಿದ್ದಳು. ಪಕ್ಕದ ಬಂಗಲೆಯ ಮೆಟ್ಟಿಲ ಮೇಲೆ ಕಸಬರಿಗೆ ಹಿಡಿದ ಗೌರವ್ವ. ನಾನು ಕೆಮ್ಮಿದೆ. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಕೆಮ್ಮಿದೆ, ಒಬ್ಬ ತಾಯಿ ತನ್ನ ಮಗುವನ್ನು ನನ್ನಿಂದ ದೂರ ಎಳೆದುಕೊಂಡಳು. ಆಮೇಲೆ ಕಣ್ಣು ಮುಚ್ಚಿ ಕೂಗಿಯೇ ಬಿಟ್ಟೆ.

‘ಒಂದ ಮಾತ ಕೇಳ್ರಿ! ಹುಣ್ಣು ರೇಣವ್ವನಿಂದ ಬಂದಿಲ್ಲ. ಮೊದಲ ಆದದ್ದು ನನ್ನ ಮಗಳಿಗೆ. ರೇಣವ್ವ ನೋಡಿ, ಮನ್ಯಾಗ ಇಟಗೋರಿ ಅಂದ್ರು. ನಾ ಪೌಡರ್ ಹಚ್ಚಿ ಒಳಗ ಬಿಟ್ಯಾ. ಉಳಿದದ್ದು ಆ ಟಾವೆಲ್ ಮಾಡೇತಿ.’

ಎಲ್ಲರೂ ಈಗ ತಿರುಗಿದರು. ಆಶಿಶ್ ಕಾರಿನ ಬಾಗಿಲು ಹಾಕಿ ಬಂದರು. ‘ಸರ್, ಗ್ರೂಪಿನಾಗ ಹಾಕಿದ್ರ ಆಗ್ತಿತ್ತಲ್ಲ. ಮಳ್ಯಾಗ ಇದೇನು ಭಾಷಣ? ಮತ್ತ ಅವ್ರ ಮನ್ಯಾಗ ಕುರಿ—’

‘ನಾ ನೋಡಿ ಬಂದೀನಿ. ಕುರಿ ಇದ್ದಲ್ಲಿ ಸ್ಕೂಟರ್ ಐತಿ. ನಿಮ್ಮ ಮನ್ಯಾಗೂ ಐತಿ. ಅದರಿಂದ ಬಂದೀತೇನು?’

ಯಾರೋ ನಕ್ಕರು. ಆಶಿಶ್ ನಗಲಿಲ್ಲ. ‘ಹಂಗಾದ್ರ ನಮ್ಮ ವಿನೀತಗ ಆಗಿದ್ದು ನಿಮ್ಮಿಂದ! ಹದಿನೈದು ದಿನ ಸುಮ್ಮನಿದ್ರಿ, ನಾಚಿಕಿ ಆಗಲಿಲ್ಲೇನ್ರಿ ನಿಮಗ?’ ಎಂದರು. ಆಯಿತು ಎಂದೆ. ಅವರು ಆವತ್ತು ಹೇಳಿದ್ದರಲ್ಲಿ ಅದೊಂದು ಮಾತು ಸರಿಯಾಗಿತ್ತು. ಅಷ್ಟರಲ್ಲಿ ಇನ್ನೊಬ್ಬ ತಾಯಿ, ಹೆಸರು ಬೇಡ, ಮೆಲ್ಲಗೆ, ‘ನಮ್ಮ ಹುಡುಗಿಗೂ ನಾ ಕ್ರೀಮ್ ಮೆತ್ತಿ ಕಳಿಸಿದ್ಯಾ, ಪರೀಕ್ಷಾ ಇತ್ತಲ್ಲ’ ಎಂದಳು. ನಾಲ್ಕು ವರ್ಷದ ಮಕ್ಕಳಿಗೆ ಪರೀಕ್ಷೆ! ಉಳಿದವರು ತಮ್ಮ ತಮ್ಮ ನೀರಿನ ಬಾಟಲಿ ನೋಡಿಕೊಳ್ಳತೊಡಗಿದರು.

ಗದ್ದಲ ಕೇಳಿ ಕುಂದಾತಾಯಿ ಹೊರಬಂದರು. ವಿಷಯ ತಿಳಿದುಕೊಂಡು, ದೊಡ್ಡ ಮನಸ್ಸು ಮಾಡಿದವರ ಧ್ವನಿಯಲ್ಲಿ, ‘ಬರೋಬರಿ. ಆದದ್ದು ಆತು. ರೇಣವ್ವ ನಾಳೆಯಿಂದ ಬರ್ಲಿ. ಏನೂ ರೋಗ ಇಲ್ಲ ಅಂತ ಡಾಕ್ಟರ್ ಕಡಿಂದ ಒಂದು ಸರ್ಟಿಫಿಕೇಟ್ ಅಷ್ಟ ತಂದ್ರ ಸಾಕು’ ಎಂದರು.

ಸರ್ಟಿಫಿಕೇಟ್! ಹುಣ್ಣಾದ ಹದಿಮೂರು ಮಕ್ಕಳಿಂದ ಕೇಳಲಿಲ್ಲ, ಹುಣ್ಣು ಬಚ್ಚಿಟ್ಟ ನಮ್ಮಿಂದ ಕೇಳಲಿಲ್ಲ. ಏನೂ ಆಗದವಳಿಂದ ಏನೂ ಆಗಿಲ್ಲವೆಂದು ಬರೆಸಿಕೊಂಡು ಬಾ ಎನ್ನುತ್ತಾರೆ. ನಾನು ಏನೋ ಹೇಳಲು ಬಾಯಿ ತೆರೆದೆ. ಸಿಟ್ಟು ಬಂದಾಗ ನನಗೆ ಮಾತು ಬರುವುದು ಮಧ್ಯಾಹ್ನ ಊಟದ ಹೊತ್ತಿಗೆ. ರೇಣವ್ವ ರಸ್ತೆ ದಾಟಿ ಬಂದಳು.

‘ತರ್ತೀನ್ರಿ ತಾಯಿ. ಯಾರ್ಯಾರು ತರಬೇಕು ಬೋರ್ಡ ಮ್ಯಾಲ ಬರೀರಿ. ಮೊದಲ ನನ್ನ ಹೆಸರ ಬರೀರಿ. ಕೆಳಗ ಇವರೆಲ್ಲಾರ್ದೂ ಬರೀರಿ. ಕಡೀಕ ನಿಮ್ಮದು. ಎಲ್ಲಾರೂ ಕೂಡಿ ಒಂದ ದಿನಾ ದವಾಖಾನಿಗೆ ಹೋಗೂಣು, ನಾವೆಲ್ಲಾರೂ ಒಂದ ಅಲ್ರೀ?’

ಕುಂದಾತಾಯಿಯ ಮುಖ ಕೆಂಪಾಯಿತು. ‘ಸರ್ಟಿಫಿಕೇಟ್ ಬ್ಯಾಡ ಬಿಡು’ ಎಂದರು.

‘ಅಷ್ಟ ಸಾಲಂಗಿ‍ಲ್ರಿ. ನನ್ನಿಂದ ಬಂದಿಲ್ಲ ಅಂತ ಹೇಳ್ರಿ.’

‘ಅವರು ಹೇಳಿದ್ರಲ್ಲ.’

‘ಹೊರಗ ಹಾಕಿದವ್ರು ಅವರಲ್ಲ, ನೀವು.’

‘ಆತು. ರೇಣವ್ವನಿಂದ ಬಂದಿಲ್ಲ’ ಎಂದರು ತಾಯಿ, ಗೇಟಿನ ಕಂಬ ನೋಡುತ್ತ.

‘ಕಂಬಕ್ಕ ಗೊತ್ತೈತ್ರಿ ತಾಯಿ, ಇವರಿಗೆ ಹೇಳ್ರಿ.’

ಕುಂದಾತಾಯಿ ತಿರುಗಿ, ನಮ್ಮೆಲ್ಲರ ಕಡೆ ನೋಡಿ, ಹೇಳಿದರು. ಕ್ಷಮಿಸು ಎನ್ನಲಿಲ್ಲ. ಇದುವರೆಗೂ ಅಂದಿಲ್ಲ. ಆದರೆ ಹೇಳಿದರು, ಎಲ್ಲರಿಗೂ ಕೇಳುವಷ್ಟು. ರೇಣವ್ವ ಪಕ್ಕದ ಬಂಗಲೆಯ ಕಡೆ ಮುಖ ಮಾಡಿದಳು.

‘ಗೌರವ್ವಾ, ಕೇಳಿಸ್ತಿಲ್ಲೋ? ಹ್ವಾದ ಸೋಮವಾರದ್ದು ಬಸ್ ತುಂಬ ಹೇಳಿದ್ದಿ. ಇದನ್ನೂ ಅಷ್ಟ ದನಿ ತಗದ ಹೇಳು.’

ಗೌರವ್ವ ಕಸಬರಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ‘ಹೇಳ್ತೀನೇ ಯಕ್ಕಾ, ಹೇಳ್ತೀನಿ’ ಎಂದಳು.

ಅಂದೇ ಟಾವೆಲ್ ಇಳಿಯಿತು. ಮಧ್ಯಾಹ್ನ ಗುಂಪಿನಲ್ಲಿ ಶಾಲೆಯ ಪ್ರಕಟಣೆ ಬಂತು: ‘ಮಕ್ಕಳ ಆರೋಗ್ಯದ ಹಿತದೃಷ್ಟಿಯಿಂದ, ಪ್ರತಿ ಮಗುವಿಗೂ ಪ್ರತ್ಯೇಕ ಕರವಸ್ತ್ರ; ನಮ್ಮ ಶಾಲೆಯ ಹೆಮ್ಮೆಯ ನೂತನ ಯೋಜನೆ.’ ಯೋಜನೆ ಯಾರದೆಂದು ಅದರಲ್ಲಿರಲಿಲ್ಲ. ಅದರ ಕೆಳಗೂ ಹೆಬ್ಬೆರಳುಗಳು ಎದ್ದವು. ಈ ಸಲ ನನ್ನದನ್ನು ನಾನು ಕಿಸೆಯಲ್ಲಿ ಇಟ್ಟುಕೊಂಡಿದ್ದೆ.

ಮಂಗಳವಾರ ಬೆಳಿಗ್ಗೆ ಗೇಟಿನಲ್ಲಿ ರೇಣವ್ವ ಇರಲಿಲ್ಲ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಬರುವುದೇ ಇಲ್ಲವೇನೋ, ಸಾಕಾಗಿರಬೇಕು, ಯಾರಿಗಾದರೂ ಸಾಕಾಗುತ್ತದೆ ಎಂದುಕೊಂಡು, ಆಫೀಸಿಗೆ ತಡವಾದರೂ ನಾನು ಅಲ್ಲೇ ನಿಂತಿದ್ದೆ. ಹತ್ತಕ್ಕೆ ಹತ್ತು ನಿಮಿಷವಿರುವಾಗ ಬಂದಳು. ಚೀಲ ಹೆಗಲಿಗೆ, ಸೀರೆಯ ಅಂಚು ಮೊಣಕಾಲವರೆಗೂ ಹಸಿ. ಕುಂದಾತಾಯಿ ಹಾಜರಿ ಪುಸ್ತಕ ತೆಗೆದು ಕೆಂಪು ಪೆನ್ನಿನಿಂದ ‘ತಡ’ ಎಂದು ಬರೆದರು. ಹೌದು, ಒಂದು ವಾರ ಆಕೆಯನ್ನು ಹೊರಗೆ ನಿಲ್ಲಿಸಿದ ಕೈಯೇ, ವಾಪಸು ಕರೆದ ಮಾರನೆಯ ದಿನವೇ!

‘ಕಾರಣ ಏನಂತ ಬರೀಲಿ?’ ಎಂದು ಕೇಳಿದರು.

‘ಶಿವಲಿಂಗವ್ವನ ಮೊಮ್ಮಗಳಿಗೆ ನೀರ ಹಾಕಾಕ ಹೋಗಿದ್ಲು ಅಂತ ಬರೀರಿ. ವಾರದ ಎಣ್ಣಿ ಜಿಡ್ಡ ಇತ್ರಿ ಮೈಮ್ಯಾಲ, ಹೊತ್ತಾತು’ ಎಂದಳು ರೇಣವ್ವ. ಪೆನ್ನು ‘ಖಾಸಗಿ ಕೆಲಸ’ ಎಂದು ಬರೆಯಲು ಹೊರಟಿದ್ದನ್ನು ನೋಡಿ ಪುಸ್ತಕದ ಮೇಲೆ ಬೆರಳಿಟ್ಟಳು. ‘ಹಂಗಲ್ರಿ ತಾಯಿ. ಕೂಸಿಗೆ ನೀರ ಹಾಕಾಕ ಅಂತ, ಪೂರಾ ಬರೀರಿ.’